ಒಂದು ಮನೆ ದಾಟುವಷ್ಟು ಹೊತ್ತು

ಸತ್ತವರ ಸುದ್ದಿಯನ್ನು ಸತ್ತವರ ಗಂಟಲಲ್ಲೇ ಊರಿಗೆಲ್ಲ ಸಾರಿದ ಮೂರ್ಖ ಚನ್ನಪಟ್ಟಣದಲ್ಲಿ ಒಬ್ಬನೇ ಇದ್ದಾನೆ, ಅದು ನಾನು. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದಕ್ಕಿಂತ ನಾನೇ ಮೊದಲು ಹೇಳಿಬಿಡುವುದು ಮೇಲು.

ನಾನು ಮಿಮಿಕ್ರಿ ಮಾಡುವವನು. ಮದುವೆ ಆರತಕ್ಷತೆ, ಕಾಲೇಜು ವಾರ್ಷಿಕೋತ್ಸವ, ಆರ್ಕೆಸ್ಟ್ರಾದಲ್ಲಿ ಹಾಡುವವರು ನೀರು ಕುಡಿಯಲು ಹೋದಾಗಿನ ಬಿಡುವು, ಇವೇ ನನ್ನ ರಂಗಸ್ಥಳ. ಮುಖಂಡರಿಂದ ಹಿಡಿದು ಬಸ್ ಸ್ಟ್ಯಾಂಡಿನ ಕಡಲೆಕಾಯಿ ಅಜ್ಜಿಯವರೆಗೆ ಯಾರ ಗಂಟಲೂ ನನ್ನಿಂದ ತಪ್ಪಿಸಿಕೊಂಡಿಲ್ಲ. ನನ್ನ ಸ್ವಂತ ಗಂಟಲು ಯಾವುದೆಂದು ಮಾತ್ರ ನನಗೆ ಸರಿಯಾಗಿ ಗೊತ್ತಿಲ್ಲ. ಫೋನ್ ಮಾಡಿದರೆ ನನ್ನ ಅವ್ವ ಈಗಲೂ "ಯಾರಪ್ಪಾ ನೀನು" ಅನ್ನುತ್ತಾಳೆ.

ಆಟೋದಲ್ಲಿ ಊರಿಗೆಲ್ಲ ಪ್ರಕಟಣೆ ಕೂಗುತ್ತಿದ್ದ ಮೈಕಣ್ಣ ತೀರಿಕೊಂಡ ಬೆಳಿಗ್ಗೆ ಅವರ ಆಟೋವನ್ನೇ ತೆಗೆದರು. ಮೇಲೆ ಅದೇ ಎರಡು ಹಾರ್ನು, ಒಳಗೆ ಅದೇ ಸವೆದ ಆಂಪ್ಲಿಫೈಯರು. ಊರಿನ ಅರ್ಧ ಸಾವುಗಳನ್ನು ಕೂಗಿ ಹೇಳಿದ ಮನುಷ್ಯನ ಸಾವನ್ನು ಕೂಗಲು ಯಾರೂ ಇಲ್ಲ ಎಂದು ಮೈಕನ್ನು, ಬಿಡುವಿನಲ್ಲಿ ಅವರ ಜೊತೆ ಆಟೋದಲ್ಲಿ ಸುತ್ತುತ್ತಿದ್ದ ನನ್ನ ಕೈಗೆ ಕೊಟ್ಟರು. ಬಾಯಿ ತೆರೆದೆ. ಬಂದದ್ದು ಅವರ ಧ್ವನಿ. ನಾನು ಒಮ್ಮೆ ಕೂಗಿ ಕೆಡಿಸಿದ್ದು ಬಿಟ್ಟರೆ, ಆ ಮೈಕಿನಲ್ಲಿ ನಾನು ಅಷ್ಟು ವರ್ಷ ಕೇಳಿದ್ದು ಅದೊಂದನ್ನೇ. ಅದನ್ನು ಹಿಡಿದ ಮೇಲೆ ನನ್ನ ಬಾಯಿಗೆ ಬೇರೆ ದಾರಿ ತಿಳಿಯಲಿಲ್ಲ.

ಪೇಟೆ ಬೀದಿಯಲ್ಲಿ ಟೀ ಅಂಗಡಿಯವನು ಲೋಟ ಹಿಡಿದುಕೊಂಡೇ ಹೊರಗೆ ಬಂದ. "ಲೇ, ತೀರ್ಕೊಂಡಿದ್ದೀನಿ ಅಂತ ಅವ್ರೇ ಕೂಗ್ಕೊಂಡ್ ಬತ್ತಾವ್ರಲ್ಲೋ" ಎಂದು ಪಕ್ಕದವನನ್ನು ಕೇಳಿದ. ಪಕ್ಕದವನು ಮುದುಕ, ಏನೂ ಗಾಬರಿಯಾಗಲಿಲ್ಲ. "ಮೈಕಣ್ಣ ಕಣ್ಲಾ ಅವ್ನು. ಬುಕ್ಕಿಂಗ್ ಮುಗಿಸ್ದೆ ಎಲ್ಲಿಗ್ ಓದಾನು" ಅಂದ.

ನಾಚಿಕೆಯಿಂದ ಸತ್ತು ವಾಪಸು ಬಂದೆ. ಅತ್ತಿಗೆ, ಅಂದರೆ ಮೈಕಣ್ಣನ ಹೆಂಡತಿ, ಬಾಗಿಲಲ್ಲಿ ನಿಂತಿದ್ದರು. ಬೈಗುಳಕ್ಕೆ ತಲೆ ಬಗ್ಗಿಸಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಂದು ರೌಂಡ್ ಓಗ್ಬಾಪ್ಪ" ಅಂದರು.

ಮೈಕಣ್ಣನ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೂ ಚನ್ನಪಟ್ಟಣದಲ್ಲಿ ಯಾರಿಗೂ ಗುರುತು ಸಿಗಲಿಕ್ಕಿಲ್ಲ. ಸಣಕಲು ಆಳು. ಬೇಸಗೆಯಲ್ಲೂ ಕುತ್ತಿಗೆಗೆ ಮಫ್ಲರು. ಸೀಟಿನ ಪಕ್ಕ ಜೀರಿಗೆ ನೀರಿನ ಫ್ಲಾಸ್ಕು. ಇಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ಧ್ವನಿ ಹೇಗೆ ಬರುತ್ತದೆ ಎನ್ನುವುದು ನನಗೆ ವೃತ್ತಿಪರವಾದ ಹೊಟ್ಟೆಕಿಚ್ಚಿನ ವಿಷಯವಾಗಿತ್ತು. ಮನೆಯಲ್ಲಿ ಮಾತ್ರ ಮಾತೇ ಇಲ್ಲ. "ನಮ್ಮನೆಯೋರ್ನ ಮಾತಾಡುಸ್ಬೇಕು ಅಂದ್ರೆ ನಾನೂ ಅಡ್ವಾನ್ಸ್ ಕೊಡ್ಬೇಕು" ಎಂದು ಅತ್ತಿಗೆ ಬಂದವರಿಗೆಲ್ಲ ದೂರು ಹೇಳುತ್ತಿದ್ದರು.

ಚುನಾವಣೆ ಬಂದರೆ ಮಾಗಡಿ, ಕನಕಪುರ, ಸಾತನೂರಿನವರೆಗೆ ಅವರಿಗೆ ಬೇಡಿಕೆ. ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು. ಒಮ್ಮೆ ಅಕ್ಕಿ ಗಿರಣಿಯ ಹತ್ತಿರ ಒಬ್ಬರು ಆಟೋ ನಿಲ್ಲಿಸಿ, "ಏನಣ್ಣ, ಒತ್ತಾರೆ ಅವ್ರಿಗೆ ಓಟಾಕಿ ಅಂದ್ರಿ, ಈಗ ಇವ್ರಿಗೆ ಅಂತಿದ್ದೀರಿ. ನಾಲ್ಗೆ ಒಂದೇ ತಾನೆ?" ಎಂದು ಕೆಣಕಿದರು.

"ಬಾಯಿ ಬಾಡಿಗೆದು ಕಣಪ್ಪ," ಅಂದರು ಮೈಕಣ್ಣ. "ಕಿವಿ ಮಾತ್ರ ಸ್ವಂತದ್ದು."

ಅದು ಬರಿಯ ಚಮತ್ಕಾರದ ಮಾತಾಗಿರಲಿಲ್ಲ. ಅವರಿಗೊಂದು ಪದ್ಧತಿಯಿತ್ತು. ಯಾರು ಬಂದು ಎಂಥ ಬರಹ ಕೊಟ್ಟರೂ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಇದು ಇರ್ಲಿ, ಈಗ ಬಾಯಲ್ಲಿ ಯೋಳಿ" ಅನ್ನುತ್ತಿದ್ದರು. ಬಂದವರು ಹೇಳಬೇಕು. ಅವರು ಕಣ್ಣು ಮುಚ್ಚಿ ಕೇಳಬೇಕು. ಆಮೇಲೆ ನನ್ನನ್ನು ಯಾವುದಾದರೂ ಮನೆಯ ಜಗಲಿಯಲ್ಲಿ ನಿಲ್ಲಿಸಿ ಆಟೋವನ್ನು ಮುಂದೆ ಓಡಿಸಿಕೊಂಡು ಹೋಗಿ, ತಿರುಗಿ ಬಂದು, "ಏನ್ ಕೇಳುಸ್ತು?" ಎಂದು ವಿಚಾರಿಸುತ್ತಿದ್ದರು.

"ನೋಡ್ಲಾ," ಎಂದು ನನಗೆ ಪಾಠ ಹೇಳುತ್ತಿದ್ದರು. "ಒಳಗೆ ಅವ್ವ ಒಗ್ಗರಣೆ ಆಕ್ತಾವ್ಳೆ. ಮಗ ಟಿವಿ ನೋಡ್ತಾವ್ನೆ. ಆಟೋ ಅವ್ರ ಮನೆ ದಾಟೋ ಅಷ್ಟೊತ್ತು ಮಾತ್ರ ಅವ್ರ ಕಿವಿ ನಮ್ದು. ಅಷ್ಟ್ರಲ್ಲಿ ಏನ್ ಬಿತ್ತೋ ಅದೇ ಸುದ್ದಿ. ಉಳ್ದಿದ್ದೆಲ್ಲ ಪಕ್ಕದ ಮನೇದು. ಈ ಮನೆಗೆ ತಲೆ, ಆ ಮನೆಗೆ ಬಾಲ ಕೊಟ್ರೆ, ಇವ್ರು ಆನೆ ಅಂತಾರೆ, ಅವ್ರು ಹಗ್ಗ ಅಂತಾರೆ, ನಡುಬೀದೀಲಿ ಒಡೆದಾಡ್ತಾರೆ."

ಪುರಸಭೆಯಿಂದ ನೀರಿನ ಪ್ರಕಟಣೆ ಬಂದಾಗ ಇದನ್ನು ನಾನೇ ಕಂಡೆ. ಬರೆದುಕೊಟ್ಟದ್ದರಲ್ಲಿ ಮೊದಲು ಅಧಿಕಾರಿಗಳೆಲ್ಲರ ಹೆಸರು, ಅವರ ಪದವಿ, ಅವರ ಆದೇಶ. ನೀರು ಬರುವುದಿಲ್ಲ ಎನ್ನುವುದು ಕೊಟ್ಟಕೊನೆಗೆ. ಇದ್ದ ಹಾಗೇ ಓದಲೇಬೇಕೆಂದು ಪುರಸಭೆಯವರು ಹಟ ಹಿಡಿದರು, ಮೈಕಣ್ಣ ಓದಿದರು. ಒಂದು ಕೇರಿಗೆ ಪೂರ್ತಿ ಅಧಿಕಾರಿಗಳು ಸಿಕ್ಕರು, ಮುಂದಿನ ಕೇರಿಗೆ ಮಾತ್ರ ನೀರಿಲ್ಲ ಅಂತ ಗೊತ್ತಾಯಿತು. ಮಾರನೆಯ ದಿನ ಅಧಿಕಾರಿಗಳು ಸಿಕ್ಕ ಕೇರಿಯವರು ಖಾಲಿ ಕೊಡ ಹಿಡಿದು ಮೈಕಣ್ಣನ ಮನೆ ಮುಂದೆಯೇ ನಿಂತರು.

ಬೊಂಬೆ ಕಟೆಯುವವರ ಬೀದಿಗೆ ಬಂದಾಗ ಅವರು ಧ್ವನಿಯನ್ನು ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಲೇತ್ ಮೆಷಿನ್ನಿನ ಗುಂಯ್‌ಗಿಂತ ಕೆಳಗೆ ಹೋದರೆ ಮಾತು ಕೇಳಿಸುತ್ತದಂತೆ. ಅದನ್ನು ನಾನು ಕಲಿತೆ. ಅವರ ಕೆಮ್ಮು, ಸಾಲಿನ ಮಧ್ಯದ ನಿಲುಗಡೆ, "ಕೇಳ್ರವ್ವಾ" ಅನ್ನುವಾಗ ಬರುವ ಸಣ್ಣ ಎಳೆತ, ಎಲ್ಲವನ್ನೂ ಕಲಿತು ಒಂದು ಮದುವೆಯಲ್ಲಿ ಅವರ ಎದುರಿಗೇ ಮಾಡಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು, "ನನ್ ಗಂಟ್ಲು ಚೆನ್ನಾಗ್ ಮಾಡ್ತೀಯ ಕಣ್ಲಾ. ನನ್ ಕಿವಿ ಮಾಡಕಾಯ್ತದ?" ಅಂದರು. ನನ್ನ ಬಾಯಿಯಲ್ಲಿ ಹೋಳಿಗೆ ಇತ್ತು, ಇನ್ನೊಂದನ್ನೂ ತುರುಕಿಕೊಂಡೆ.

ಅವರ ಕಿವಿ ನನಗೆ ಇಲ್ಲ ಎನ್ನುವುದು ಭಾಗ್ಯಳ ವಿಷಯದಲ್ಲಿ ಊರಿಗೇ ಗೊತ್ತಾಯಿತು.

ಭಾಗ್ಯ ಅಕ್ಕೂರಿನವಳು. ಹೆದ್ದಾರಿ ಪಕ್ಕದ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ಕಾಲರು ಹೊಲಿಯುತ್ತಿದ್ದಳು. ಅಲ್ಲಿ ಹೊಲಿಗೆ ಮೆಷಿನ್ನುಗಳ ಒಂದೊಂದು ಲೈನಿಗೆ ಒಂದೊಂದು ಟೋಕನ್. ಸೂಪರ್‌ವೈಸರ್ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿರುತ್ತಾರೆ. ಟಾಯ್ಲೆಟ್ಟಿಗೆ ಹೋಗುವವರು ಕೇಳಿ ಅದನ್ನು ತೆಗೆದುಕೊಂಡು ಹೋಗಬೇಕು. ಹೋದವರು ಬಂದು ವಾಪಸು ನೇತುಹಾಕುವ ತನಕ ಲೈನಿನಲ್ಲಿ ಇನ್ನಾರೂ ಏಳುವಂತಿಲ್ಲ. ಅವತ್ತು ಟೋಕನ್ ಹೋದದ್ದು ಬರಲೇ ಇಲ್ಲ. ಭಾಗ್ಯ ತಡೆಯುವಷ್ಟು ತಡೆದಳು, ಆಮೇಲೆ ಎದ್ದು ಹೋದಳು. ತಿರುಗಿ ಬರುವಷ್ಟರಲ್ಲಿ ಅವಳ ಮೆಷಿನ್ ಮುಂದೆ ಬೇರೆಯವಳು ಕೂತಿದ್ದಳು. ಶಿಸ್ತು ಮೀರಿದ್ದಕ್ಕೆ ನಾಳೆಯಿಂದ ಬರಬೇಡ ಅಂದರು.

ಅವಳ ಪರವಾಗಿ ಓಡಾಡಿದವರು ಒಬ್ಬರೇ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಮಾತೆತ್ತಿದರೆ ಮಾನವ ಹಕ್ಕು ಅನ್ನುವುದರಿಂದ ಊರಿನಲ್ಲಿ ಅವರಿಗೆ ಹಕ್ಕು ಸಾರ್ ಎಂದೇ ಹೆಸರು. ನಾನೂ ಅವರನ್ನು ಬೇಕಾದಷ್ಟು ಅಣಕಿಸಿದ್ದೇನೆ, ಆದರೆ ಬಿಸಿಲಿನಲ್ಲಿ ಸ್ಕೂಟರ್ ಹತ್ತಿ ಅಕ್ಕೂರಿಗೆ ಮೊದಲು ಹೋದವರು ಅವರೇ. ಭಾನುವಾರ ಸಮುದಾಯ ಭವನದಲ್ಲಿ ಬಹಿರಂಗ ಚರ್ಚೆ ಎಂದು ಗೊತ್ತು ಮಾಡಿ, ಕೂಗಲು ಬರಹ ತಂದರು. ಮೈಕಣ್ಣನಿಗೆ ಅವತ್ತು ಜ್ವರ. "ನೀನ್ ಓಗ್ಬುಟ್ ಬಾ, ಆಟ ಆಡ್ಬ್ಯಾಡ" ಎಂದು ಆಟೋದ ಕೀ ಕೊಟ್ಟರು.

ಬರಹ ಮನುಷ್ಯ ಹುಟ್ಟಿದಾಗಿನಿಂದ ಶುರುವಾಗಿ, ಲೋಕದ ದೇಶಗಳನ್ನೆಲ್ಲ ಸುತ್ತಿ, ಭಾಗ್ಯಳ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿತ್ತು. ಕೊನೆಗೆ, ನ್ಯಾಯ ಸಿಗದಿದ್ದರೆ ಮುಂದೊಂದು ದಿನ ಫ್ಯಾಕ್ಟರಿಗೆ ಬೀಗ ಜಡಿಯಬೇಕಾದೀತು ಅಂತ ಒಂದು ಸಾಲು. ನನಗೆ ಆಸಕ್ತಿ ಬಂದದ್ದು ಆ ಒಂದು ಸಾಲಿನಲ್ಲಿ. ಟಿವಿ ನ್ಯೂಸ್ ಓದುವವರ ಧ್ವನಿ ಹಾಕಿಕೊಂಡೆ, ಬಾಯಲ್ಲೇ ಢಣ್ ಢಣ್ ಅನ್ನಿಸಿದೆ, ಉಳಿದದ್ದನ್ನು ನುಂಗಿ ಬೀಗವನ್ನೇ ಬೀದಿ ಬೀದಿಗೂ ಹಂಚಿದೆ. ಮಕ್ಕಳು ಆಟೋ ಹಿಂದೆ ಓಡಿ ಬಂದವು. ನಾನು ಗೆದ್ದೆ ಅಂದುಕೊಂಡೆ.

ಸಂಜೆಯೊಳಗೆ ಅಕ್ಕೂರಿನಲ್ಲಿ ಭಾಗ್ಯಳ ಮನೆ ಮುಂದೆ ಹೆಂಗಸರು ಸೇರಿದ್ದರು. ಎಲ್ಲರೂ ಅದೇ ಫ್ಯಾಕ್ಟರಿಯ ಬಸ್ ಹತ್ತುವವರು. "ನೀನು ಒಂದ್ಸಲ ಎದ್ದೋಗಿದ್ದಕ್ಕೆ ನಾವೆಲ್ಲ ಮನೇಲ್ ಕೂತ್ಕಬೇಕೇನೆ? ನಮ್ ಮಕ್ಳ ಫೀಜ್ ನೀನ್ ಕಟ್ಟೀಯಾ?" ಎಂದು ಕೇಳಿದರಂತೆ. ಅವರಲ್ಲಿ ಮುಂದೆ ನಿಂತವಳು ಭಾಗ್ಯಳ ಪಕ್ಕದ ಮೆಷಿನ್ನಿನವಳು, ಅದೇ ಟೋಕನ್ನಿಗೆ ದಿನವೂ ಕಾಯುವವಳು.

ಸುದ್ದಿ ಮುಟ್ಟಿದಾಗ ಮೈಕಣ್ಣ ಕಂಬಳಿ ಹೊದ್ದು ಕೂತಿದ್ದರು. ನಾನು ಹಕ್ಕು ಸಾರ್ ಧ್ವನಿಯಲ್ಲಿ ಕ್ಷಮೆ ಕೇಳಿ ನಗಿಸಲು ನೋಡಿದೆ. ನಗಲಿಲ್ಲ, ಬೈಯಲೂ ಇಲ್ಲ. "ಗಾಡಿ ತೆಗಿ" ಅಂದರು.

ಅಕ್ಕೂರಿನಲ್ಲಿ ಭಾಗ್ಯಳ ಅತ್ತೆ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಮುಖ ಎತ್ತದೆ, "ಇನ್ನೇನ್ ಕೂಗಕ್ ಬಂದ್ರಿ?" ಎಂದು ಕೇಳಿದರು.

"ಕೂಗಕಲ್ಲವ್ವ, ಕೇಳಕೆ," ಎಂದು ಮೈಕಣ್ಣ ಜಗಲಿಯ ತುದಿಯಲ್ಲಿ ಕೂತರು. "ನೀನೇ ಯೋಳವ್ವ ಭಾಗ್ಯ. ಏನಾಯ್ತು?"

ಭಾಗ್ಯ ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು. "ಏನಾಯ್ತು ಅಂದ್ರೆ? ಉಚ್ಚೆ ಬಂತು, ಓದೆ. ಕೆಲ್ಸ ಓಯ್ತು," ಅಂದಳು. ಮಗುವಿನ ಬಾಯಿ ಒರೆಸಿ, "ನೀವೇ ಕೂಗಿದ್ದಲ್ವಣ್ಣ, ಟೈಲರ್‌ಗಳು ಬೇಕು, ಊಟ ಐತೆ, ಬಸ್ ಐತೆ, ಎಲ್ಲಾ ಸೌಕರ್ಯ ಐತೆ ಅಂತ? ಅದ್ನ ಕೇಳ್ಕಂಡೇ ನಾನು ಸೇರಿದ್ದು" ಎಂದಳು.

ಮೈಕಣ್ಣ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡರು. ಆ ಫ್ಯಾಕ್ಟರಿಯ ನೇಮಕಾತಿ ಕೂಗು ಅವರಿಗೆ ಖಾಯಂ ಬುಕ್ಕಿಂಗು. ಬಾಯಿ ಬಾಡಿಗೆದು ಅನ್ನುವ ಮಾತನ್ನು ಅವರು ಅಲ್ಲಿ ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಅದಾದ ಮೇಲೆ ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಲೇ ಇಲ್ಲ.

ಮಾರನೆಯ ದಿನದ ಕೂಗಿನ ಬಗ್ಗೆ ಕೇಳಿದರು: "ಎಸ್ರು ಯೋಳ್ಬೇಕಾ, ಬ್ಯಾಡ್ವಾ? ಅಕ್ಕೂರಿನ ಒಬ್ಬ ಮಹಿಳೆ ಅಂತ್ಲೂ ಅನ್ಬೋದು."

ಅತ್ತೆ ಕುಡುಗೋಲು ಕೆಳಗಿಟ್ಟರು. "ಎಣ್ಮಗಳ ಎಸ್ರ ಮೈಕಲ್ಲಿ ಕೂಗುದ್ರೆ ನಾಳೆ ಈ ಬೀದೀಲಿ ತಿರುಗಾಡೋದು ಎಂಗೆ?"

"ಯೋಳಿ ಅಣ್ಣ," ಅಂದಳು ಭಾಗ್ಯ. "ಎಸ್ರಿಲ್ದಿದ್ರೆ ಯಾರೋ ಒಬ್ಳು ಅಂತಾರೆ. ಯಾರೋ ಒಬ್ಳು ಎದ್ದೋಗಿದ್ದು ಯಾರಿಗ್ ಬೇಕು? ಅತ್ತೆ, ನಂಗೆ ನಾಚ್ಕೆ ಆಗ್ಬೇಕಾಗಿದ್ದು ಅಲ್ಲಿ ತಡ್ಕಂಡ್ ಕೂತಿದ್ನಲ್ಲ, ಆವಾಗ."

ಅತ್ತೆ ಕುಡುಗೋಲು ಎತ್ತಿಕೊಂಡು ಮತ್ತೆ ಸೊಪ್ಪಿಗೆ ಕೈ ಹಾಕಿದರು. ಕೊನೆಗೆ, "ಫ್ಯಾಕ್ಟ್ರಿ ಮುಚ್ಚಲ್ಲ ಅಂತ್ಲೂ ಸೇರುಸ್ಕಂಡ್ ಯೋಳಪ್ಪ" ಅಂದರು.

ಮಾರನೆಯ ದಿನ ಜ್ವರದಲ್ಲೇ ಮೈಕಣ್ಣ ಆಟೋ ಹತ್ತಿದರು. ಕೂಗಿದ್ದು ಇಷ್ಟು: "ಅಕ್ಕೂರಿನ ಭಾಗ್ಯ ಗಾರ್ಮೆಂಟ್ಸಲ್ಲಿ ಟೋಕನ್ ಇಲ್ಲದೆ ಉಚ್ಚೆಗೆ ಹೋದ್ಲು. ಕೆಲಸದಿಂದ ತೆಗೆದ್ರು. ಫ್ಯಾಕ್ಟರಿ ಮುಚ್ಚಲ್ಲ. ಭಾನುವಾರ ಸಮುದಾಯ ಭವನಕ್ಕೆ ಬನ್ನಿ." ಮುಗಿಯಿತು. ಮತ್ತೆ ಮೊದಲಿಂದ. ನನ್ನನ್ನು ಒಂದು ಜಗಲಿಯಲ್ಲಿ ನಿಲ್ಲಿಸಿದ್ದರು. ಮನೆ ದಾಟುವಷ್ಟರಲ್ಲಿ ಪೂರ್ತಿ ಕೇಳಿಸಿತು, ತಲೆಯಿಂದ ಬಾಲದವರೆಗೆ.

ಊರು ಬೆಂಕಿ ಹತ್ತಿದ ಹಾಗೆ ಎದ್ದಿತು. ಆದರೆ ಯಾವುದಕ್ಕೆ ಅಂದುಕೊಂಡಿರಿ? ಟೋಕನ್ನಿಗಲ್ಲ. ಮೈಕಿನಲ್ಲಿ ಆ ಪದ ಬರಬಹುದೇ ಎನ್ನುವುದಕ್ಕೆ. ವಾಟ್ಸಾಪ್ ಗುಂಪುಗಳಲ್ಲಿ ಸಂಸ್ಕೃತಿ ಉಕ್ಕಿ ಹರಿಯಿತು. ತಿಂಗಳುಗಟ್ಟಲೆ ಹೆಣ್ಣುಮಕ್ಕಳು ತಡೆದುಕೊಂಡು ಕೂತಾಗ ಬಾರದ ಸಿಟ್ಟು, ಆ ಮಾತು ಕಿವಿಗೆ ಬಿದ್ದಾಗ ಬಂತು. ಕೇಬಲ್ ಚಾನೆಲ್ಲಿನ ಹುಡುಗ ಬೀದಿಯಲ್ಲಿ ಮೈಕ್ ಹಿಡಿದು "ಈ ಪದ ಬೇಕಿತ್ತಾ, ಬೇಡವಾಗಿತ್ತಾ" ಎಂದು ಹೋಗಿ ಬರುವವರನ್ನೆಲ್ಲ ಕೇಳಿದ. ಹಕ್ಕು ಸಾರ್ ಕೂಡ ಬೇಸರದಿಂದ ಬಂದರು.

"ವಿಷಯದ ಘನತೆ ಹೋಯಿತಲ್ಲ ಮೈಕಣ್ಣ. ಮೂಲಭೂತ ದೈಹಿಕ ಅಗತ್ಯ ಅನ್ನಬಹುದಿತ್ತು."

"ಅನ್ಬೋದಿತ್ತು ಸಾರ್. ಆಗ ಯಾರಿಗೂ ಕೋಪ ಬತ್ತಿರ್ಲಿಲ್ಲ. ಯಾರೂ ಬತ್ಲೂ ಇರ್ಲಿಲ್ಲ."

"ಈಗ ಬರುವವರೆಲ್ಲ ಪದದ ಮೇಲೆ ಜಗಳ ಆಡಲು ಬರುತ್ತಾರೆ."

"ಬರ್ಲಿ ಬುಡಿ. ಬಂದ್ಮೇಲೆ ಕೂತ್ಕತಾರಲ್ಲ."

ಕೂತರು. ಸಮುದಾಯ ಭವನದ ಬಾಗಿಲಿನವರೆಗೂ ಜನ. ಊರೆಲ್ಲ ಮಾತಾಡಿಕೊಳ್ಳುತ್ತಿದ್ದುದರಿಂದ ಫ್ಯಾಕ್ಟರಿಯ ಮ್ಯಾನೇಜರೂ ಬಂದು ವೇದಿಕೆಯಲ್ಲಿ ಕೂತಿದ್ದರು; ಇಸ್ತ್ರಿ ಮಡಿಕೆ ಮುರಿಯದ ಶರ್ಟು, ಮೃದುವಾದ ಮಾತು. ಮೈಕಿನ ಜವಾಬ್ದಾರಿ ಮೈಕಣ್ಣನದು. ಸಭೆಗಳಲ್ಲಿ ಅವರು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬಿಗಿಯುತ್ತಿದ್ದರೇ ಹೊರತು ಯಾರ ಕೈಗೂ ಕೊಡುತ್ತಿರಲಿಲ್ಲ. ಮಾತಾಡುವವರೇ ಅದರ ಹತ್ತಿರ ಬರಬೇಕು.

ಮೊದಲು ಒಬ್ಬ ಮುಖಂಡರು ನಮ್ಮ ಅಕ್ಕತಂಗಿಯರ ಕಣ್ಣೀರಿನ ಬಗ್ಗೆ ಮಾತಾಡಿದರು. ಮುಂದಿನ ಸಾಲಿನಲ್ಲಿದ್ದ ಭಾಗ್ಯ ಅತ್ತೆಯ ಕಿವಿಯಲ್ಲಿ, "ನಾನ್ ಯಾವಾಗ ಕಣ್ಣೀರಾಕ್ದೆ?" ಎಂದು ಕೇಳಿದ್ದು ಹಿಂದೆ ಕೂತ ನನಗೂ ಕೇಳಿಸಿತು. ಕೇಬಲ್ ಹುಡುಗ ಎದ್ದು, ಹಕ್ಕು ಮುಖ್ಯ ಅನ್ನುವವರು ಬಲಗೈ ಎತ್ತಿ, ಶಿಸ್ತು ಮುಖ್ಯ ಅನ್ನುವವರು ಎಡಗೈ ಎತ್ತಿ ಅಂದ. ಎರಡೂ ಕೈ ಎತ್ತಿದವರೇ ಜಾಸ್ತಿ. ಹಕ್ಕು ಸಾರ್ ಮನುಷ್ಯ ಹುಟ್ಟಿದಾಗಿನಿಂದ ಶುರು ಮಾಡಿದರು. ಅವರಾದ ಮೇಲೆ ಒಬ್ಬ ಹಿರಿಯರು ಮೈಕಿನ ಮರ್ಯಾದೆ, ಹೆಣ್ಣಿನ ಮರ್ಯಾದೆ, ಊರಿನ ಮರ್ಯಾದೆ ಎಂದು ಮೂರು ಮರ್ಯಾದೆಗಳನ್ನು ಬಿಡಿಸಿ ಬಿಡಿಸಿ ವಿವರಿಸಿದರು. ಅದು ಎಷ್ಟು ಉದ್ದವಾಯಿತೆಂದರೆ ನಡುವೆ ಮ್ಯಾನೇಜರು ಮೆಲ್ಲಗೆ ಎದ್ದು ವೇದಿಕೆಯ ಹಿಂದಕ್ಕೆ ಹೋಗಿ, ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕೂತರು. ನಾನು ಅವರ ನಡಿಗೆಯನ್ನು ಕಲಿಯುತ್ತಿದ್ದೆ. ಬೇರೇನೂ ನನ್ನ ತಲೆಗೆ ಹೋಗಲಿಲ್ಲ.

ಆಮೇಲೆ ಮ್ಯಾನೇಜರು ಮಾತಾಡಿದರು. ಒಪ್ಪಿಕೊಳ್ಳಬೇಕು, ಎಲ್ಲರಿಗಿಂತ ಚೆನ್ನಾಗಿ ಮಾತಾಡಿದರು. "ನಮ್ಮದು ಒಂದು ಕುಟುಂಬ. ಹೋಗಬೇಡಿ ಎಂದು ನಾವು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ಕೇಳಿ ಹೋಗಿ ಎನ್ನುತ್ತೇವೆ, ಅಷ್ಟೇ. ಮನೆಯಲ್ಲಿ ದೊಡ್ಡವರನ್ನು ಕೇಳಿ ಹೋಗುವುದಿಲ್ಲವೇ? ಕೇಳುವುದರಲ್ಲಿ ಅವಮಾನ ಏನಿದೆ?"

ಚಪ್ಪಾಳೆ ಬಿತ್ತು. ಮುಖಂಡರೂ ತಟ್ಟಿದರು. ಅಕ್ಕೂರಿನ ಬಸ್ಸಿನ ಹೆಂಗಸರು ತಲೆಯಾಡಿಸಿದರು. ಭಾಗ್ಯಳ ಪಕ್ಕದ ಮೆಷಿನ್ನಿನವಳು ಎಲ್ಲರಿಗಿಂತ ಜೋರಾಗಿ. ಕೇಬಲ್ ಹುಡುಗ ಕ್ಯಾಮೆರಾ ಮುಚ್ಚತೊಡಗಿದ. ಹಕ್ಕು ಸಾರ್ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಭಾಗ್ಯಳ ಕೆಲಸ ಆ ಚಪ್ಪಾಳೆಯಲ್ಲೇ ಹೋಗಿ ಆಗಿತ್ತು.

ಆಗ ಮೈಕಣ್ಣ ನಾನು ಎಂದೂ ನೋಡದ ಕೆಲಸ ಮಾಡಿದರು. ಸ್ಟ್ಯಾಂಡಿನಿಂದ ಮೈಕು ಬಿಚ್ಚಿದರು. ವೈರನ್ನು ಎಳೆದುಕೊಂಡು ವೇದಿಕೆ ಇಳಿದು ಬಂದು, ಅದನ್ನು ಭಾಗ್ಯಳ ಕೈಗೇ ಕೊಟ್ಟರು. ಕೊಟ್ಟು ಪಕ್ಕಕ್ಕೆ ಸರಿದು, ಬರಹ ತಂದವರ ಮುಂದೆ ಕೂರುವ ಹಾಗೆ ನೆಲದ ಮೇಲೆ ಕಣ್ಣು ಮುಚ್ಚಿ ಕೂತುಬಿಟ್ಟರು.

ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಕೊನೆಯ ಮಾತಾದ ಮೇಲೆ ನಾನು ಬಾಯಿ ಹಾಕಿದರೆ ಚೆನ್ನಾಗಿರುವುದಿಲ್ಲ. ಮುಂದಿನ ವಾರ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಮೇಜಿನ ಪಕ್ಕ ಮೊಳೆ ಇತ್ತು, ಟೋಕನ್ ಇರಲಿಲ್ಲ. ಭಾಗ್ಯ ತನ್ನ ಮೆಷಿನ್ನಿಗೇ ಹೋಗಿ ಕೂತಳು. ಪಕ್ಕದವಳು ಕೆಲವು ದಿನ ಮಾತಾಡಲಿಲ್ಲ. ಆಮೇಲೆ ಯಾರನ್ನೂ ಕೇಳದೆ ಎದ್ದು ಹೋಗಿ ಬಂದು, ಭಾಗ್ಯಳ ಕಡೆ ನೋಡಿ ನಕ್ಕಳಂತೆ. ಫ್ಯಾಕ್ಟರಿಯ ಬುಕ್ಕಿಂಗು ಮೈಕಣ್ಣನಿಗೆ ಮತ್ತೆ ಬರಲಿಲ್ಲ. ಅವರೂ ಕೇಳಿಕೊಂಡು ಹೋಗಲಿಲ್ಲ.

ಅವತ್ತು ಭಾಗ್ಯ ಎದ್ದು ನಿಂತಳು. ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿದಿದ್ದರಿಂದ ಮೊದಲು ಅವಳ ಉಸಿರು ಇಡೀ ಭವನಕ್ಕೆ ಕೇಳಿಸಿತು. ಧ್ವನಿ ಏರಿಸಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳುವವಳ ಹಾಗೆ ಮ್ಯಾನೇಜರ ಕಡೆ ನೋಡಿ ಕೇಳಿದಳು:

"ಈಗ ಸಭೆ ಮಧ್ಯ ಎದ್ದು ಓಗ್ಬಂದ್ರಲ್ಲ ಸಾರ್, ನೀವು ಯಾರ್ನ ಕೇಳುದ್ರಿ?"